ಬಸವನಹುಳು ನೋಡುತ್ತಾ ಬೆಳೆದ ಹುಡುಗ, ಮಕ್ಕಳ ತಪ್ಪು ಉತ್ತರಕ್ಕೆ ಬೆಲೆ ಕಟ್ಟಿದ: ಜೀನ್ ಪಿಯಾಜೆ ಬದುಕಿನ ಕಥೆ

ಟಿಇಟಿ ಬರೆದವರಿಗೆ, ಡಿ.ಎಡ್., ಬಿ.ಎಡ್. ಮಾಡಿದವರಿಗೆ ಪಿಯಾಜೆ ಹೆಸರು ಹೊಸದಲ್ಲ. ನಾಲ್ಕು ಹಂತ, ನಾಲ್ಕು ವಯಸ್ಸು ಬಾಯಿಪಾಠ ಮಾಡಿಕೊಂಡು, ಸರಿ ಉತ್ತರಕ್ಕೆ ಗುರುತು ಹಾಕಿ ಬಂದರೆ ಎರಡು ಅಂಕ ಸಿಕ್ಕಿತು ಅಂತ ಲೆಕ್ಕ. ತಮಾಷೆ ಅಂದ್ರೆ, ಈ ಮನುಷ್ಯ ದೊಡ್ಡ ಹೆಸರು ಮಾಡಿದ್ದೇ ಮಕ್ಕಳು ಕೊಡೋ ತಪ್ಪು ಉತ್ತರಗಳನ್ನು ಜತನದಿಂದ ಬರೆದಿಟ್ಟುಕೊಂಡಿದ್ದಕ್ಕೆ.

ಜೀವಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು, ಮನಶ್ಶಾಸ್ತ್ರ ಕಲಿಯೋಕೆ ಊರೂರು ಸುತ್ತಿದ ಈ ಸ್ವಿಸ್ ವಿಜ್ಞಾನಿ ಮಗುವಿನ ಮನಸ್ಸಿನ ಬಗ್ಗೆ ಪ್ರಪಂಚ ಯೋಚಿಸುವ ರೀತಿಯನ್ನೇ ಬದಲಾಯಿಸಿದರು.

ಹತ್ತು ವರ್ಷಕ್ಕೇ ಮೊದಲ ಬರಹ

ಜೀನ್ ಪಿಯಾಜೆ ಹುಟ್ಟಿದ್ದು 1896ರ ಆಗಸ್ಟ್ 9ರಂದು, ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್ ಅನ್ನೋ ಸರೋವರದ ದಡದ ಊರಿನಲ್ಲಿ. ತಂದೆ ಆರ್ಥರ್ ಪಿಯಾಜೆ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಮಧ್ಯಯುಗದ ಸಾಹಿತ್ಯದ ಪ್ರಾಧ್ಯಾಪಕರು. ಎಲ್ಲವನ್ನೂ ಪರೀಕ್ಷಿಸಿ ನೋಡಿದ ಮೇಲಷ್ಟೇ ನಂಬುವ ಸ್ವಭಾವದವರು. ತಾಯಿ ರೆಬೆಕಾ ಜಾಕ್ಸನ್ ಬುದ್ಧಿವಂತೆ, ದೈವಭಕ್ತೆ. ಆದರೆ ಅವರ ಮನಸ್ಸಿಗೆ ನೆಮ್ಮದಿ ಇರಲಿಲ್ಲ. ಮನೆಯ ವಾತಾವರಣ ಯಾವಾಗ ಹೇಗಿರುತ್ತೋ ಹೇಳೋಕೆ ಆಗ್ತಿರಲಿಲ್ಲ.

ಇದರಿಂದ ಹುಡುಗ ಆಟ ಬಿಟ್ಟು ತಂದೆಯ ಹಾಗೆ ಕೆಲಸದಲ್ಲಿ ಮುಳುಗಿದ. ಹಕ್ಕಿ, ಚಿಪ್ಪು, ಕಲ್ಲಾಗಿ ಉಳಿದ ಹಳೇ ಜೀವಿಗಳ ಗುರುತು, ಇವೇ ಅವನ ಲೋಕವಾಯಿತು. 1907ರಲ್ಲಿ, ಹನ್ನೊಂದು ತುಂಬುವ ಮೊದಲೇ, ಪಾರ್ಕಿನಲ್ಲಿ ಕಂಡ ಬಿಳಿ ಗುಬ್ಬಚ್ಚಿಯ ಬಗ್ಗೆ ಒಂದು ಪುಟದ ಟಿಪ್ಪಣಿ ಬರೆದು ಸ್ಥಳೀಯ ನಿಸರ್ಗ ಪತ್ರಿಕೆಗೆ ಕಳಿಸಿದ. ಅದು ಅಚ್ಚಾಯಿತು.

ಅಷ್ಟಕ್ಕೇ ಸುಮ್ಮನಾಗದೆ ಊರಿನ ಮ್ಯೂಸಿಯಂ ನಿರ್ದೇಶಕ ಪಾಲ್ ಗೊಡೇ ಅವರಿಗೆ ಪತ್ರ ಬರೆದ. ಬಾಗಿಲು ಹಾಕಿದ ಮೇಲೆ ಒಳಗಿನ ಸಂಗ್ರಹ ನೋಡಲು ಬಿಡಬೇಕು ಅನ್ನೋದು ಕೋರಿಕೆ. ಗೊಡೇ ಬಸವನಹುಳುವಿನಂಥ ಮೆದು ಮೈಯ ಜೀವಿಗಳ ತಜ್ಞರು. ಹುಡುಗನನ್ನು ವಾರಕ್ಕೆ ಎರಡು ದಿನ ಸಹಾಯಕ್ಕೆ ಬರಹೇಳಿದರು. ಚಿಪ್ಪುಗಳಿಗೆ ಹೆಸರಿನ ಚೀಟಿ ಅಂಟಿಸೋದು ಕೆಲಸ, ಅಪರೂಪದ ಕೆಲವು ಚಿಪ್ಪುಗಳೇ ಕೂಲಿ.

ನಾಲ್ಕು ವರ್ಷ ಈ ಕೆಲಸ ನಡೆಯಿತು. ಎರಡು ಚಿಪ್ಪು ಒಂದೇ ಥರ ಕಂಡರೂ ವ್ಯತ್ಯಾಸ ಎಲ್ಲಿದೆ, ಒಂದು ಜಾಗದ ಹುಳುವಿಗೂ ಇನ್ನೊಂದು ಜಾಗದ ಹುಳುವಿಗೂ ಆಕಾರ ಯಾಕೆ ಬೇರೆ ಅಂತ ತಾಳ್ಮೆಯಿಂದ ನೋಡೋದು ಅವನಿಗೆ ಅಭ್ಯಾಸವಾಯಿತು. 1911ರಲ್ಲಿ ಗೊಡೇ ತೀರಿಕೊಂಡಾಗ ಹುಡುಗನೇ ಲೇಖನ ಬರೆಯುವಷ್ಟು ಪಳಗಿದ್ದ.

ಆ ಲೇಖನ ಓದಿದ ದೊಡ್ಡ ವಿಜ್ಞಾನಿಗಳು ಅವನನ್ನು ಭೇಟಿಯಾಗಲು ಬಯಸಿದರು. ಶಾಲೆಗೆ ಹೋಗೋ ಹುಡುಗ ಅಂತ ಗೊತ್ತಾದೀತು ಎಂದು ಅವನೇ ತಪ್ಪಿಸಿಕೊಂಡ. ಜಿನೀವಾದ ಮ್ಯೂಸಿಯಂನಿಂದ ಚಿಪ್ಪಿನ ಸಂಗ್ರಹ ನೋಡಿಕೊಳ್ಳುವ ಕೆಲಸಕ್ಕೆ ಕರೆ ಬಂತು. ಶಾಲೆ ಮುಗಿಯೋಕೆ ಇನ್ನೂ ಎರಡು ವರ್ಷ ಇದೆ ಅಂತ ಉತ್ತರ ಬರೆಯಬೇಕಾಯಿತು.

ಆಯಾ ಹೇಳಿದ ಸುಳ್ಳು

ಪಿಯಾಜೆಯ ಬಾಲ್ಯದ ಇನ್ನೊಂದು ಘಟನೆ ಇಲ್ಲಿ ನೆನೆಯಬೇಕು. ಎರಡು ವರ್ಷದವನಿದ್ದಾಗ ಪ್ಯಾರಿಸ್ಸಿನ ರಸ್ತೆಯಲ್ಲಿ ಆಯಾ ಇವನನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೋಗುತ್ತಿದ್ದಳು. ಒಬ್ಬ ಮಗುವನ್ನು ಎತ್ತಿಕೊಂಡು ಹೋಗಲು ಬಂದ, ಆಯಾ ಅಡ್ಡ ನಿಂತಳು, ಅವಳ ಮುಖಕ್ಕೆ ಪರಚು ಗಾಯವಾಯಿತು, ಪೊಲೀಸಪ್ಪ ಓಡಿ ಬಂದಾಗ ಕಳ್ಳ ಪರಾರಿಯಾದ. ಗಾಯ, ಪೊಲೀಸನ ಕೈಯ ಬಿಳಿ ಕೋಲು, ಎಲ್ಲವೂ ಹುಡುಗನಿಗೆ ಕಣ್ಣಿಗೆ ಕಟ್ಟಿದ ಹಾಗೆ ನೆನಪಿತ್ತು. ಮಗುವನ್ನು ಉಳಿಸಿದ್ದಕ್ಕೆ ತಂದೆ ತಾಯಿ ಆಯಾಗೆ ಗಡಿಯಾರ ಉಡುಗೊರೆ ಕೊಟ್ಟಿದ್ದರು.

ಹುಡುಗನಿಗೆ ಸುಮಾರು ಹದಿನೈದು ವರ್ಷವಾದಾಗ ಆ ಆಯಾಳಿಂದ ಪತ್ರ ಬಂತು. ಧರ್ಮದ ಕಡೆ ತಿರುಗಿದ್ದ ಅವಳು ಹಳೇ ತಪ್ಪು ಒಪ್ಪಿಕೊಂಡಿದ್ದಳು. ಕಳ್ಳನೂ ಬಂದಿರಲಿಲ್ಲ, ಪೊಲೀಸನೂ ಬಂದಿರಲಿಲ್ಲ, ಗಾಯವನ್ನೂ ತಾನೇ ಮಾಡಿಕೊಂಡಿದ್ದೆ ಅಂತ ತಿಳಿಸಿ ಗಡಿಯಾರ ವಾಪಸ್ ಕೊಟ್ಟಿದ್ದಳು.

ಹಾಗಾದ್ರೆ ಕಣ್ಣಾರೆ ಕಂಡ ನೆನಪು ಎಲ್ಲಿಂದ ಬಂತು? ದೊಡ್ಡವರು ಹೇಳಿದ ಕಥೆ ಕೇಳಿ ಕೇಳಿ ಮನಸ್ಸು ತಾನೇ ಚಿತ್ರ ಕಟ್ಟಿಕೊಂಡಿತ್ತು. ಮನಸ್ಸು ಕಂಡದ್ದನ್ನು ಹಾಗೇ ತುಂಬಿಡುವ ಡಬ್ಬಿಯಲ್ಲ, ಒಳಗೊಳಗೇ ಕಟ್ಟುವ ಕೆಲಸ ಮಾಡ್ತಾ ಇರುತ್ತೆ ಅನ್ನೋದು ಮುಂದೆ ಪಿಯಾಜೆಯ ಇಡೀ ಸಂಶೋಧನೆಯ ಬೇರು. ಈ ಘಟನೆಯನ್ನು ಅವರು ತಮ್ಮ ಪುಸ್ತಕದಲ್ಲೂ ದಾಖಲಿಸಿದರು.

ನ್ಯೂಶಾಟೆಲ್‌ನಿಂದ ಜೂರಿಕ್, ಜೂರಿಕ್‌ನಿಂದ ಪ್ಯಾರಿಸ್

ನ್ಯೂಶಾಟೆಲ್ ವಿಶ್ವವಿದ್ಯಾಲಯದಲ್ಲೇ ಜೀವಶಾಸ್ತ್ರ ಓದಿ 1918ರಲ್ಲಿ ಡಾಕ್ಟರೇಟ್ ಪಡೆದರು. ವಲೇ ಅನ್ನೋ ಬೆಟ್ಟಗಾಡಿನ ಬಸವನಹುಳು ಮತ್ತು ಅದೇ ಜಾತಿಯ ಜೀವಿಗಳು ಪ್ರಬಂಧದ ವಿಷಯ. ಆಗ ವಯಸ್ಸು ಇಪ್ಪತ್ತೊಂದು, ಇಪ್ಪತ್ತೆರಡು.

ಕೈಯಲ್ಲಿ ಡಾಕ್ಟರೇಟ್ ಇತ್ತು, ಹೆಸರೂ ಇತ್ತು. ಅದೇ ದಾರಿಯಲ್ಲಿ ಹೋಗಿದ್ದರೆ ಮ್ಯೂಸಿಯಂನಲ್ಲಿ ಆರಾಮದ ಕೆಲಸ ಖಾಯಂ. ಆದರೆ ತಲೆಯಲ್ಲಿ ಬೇರೆ ಪ್ರಶ್ನೆ ಕೊರೀತಾ ಇತ್ತು. ಜೀವಿ ತನ್ನ ಪರಿಸರಕ್ಕೆ ಹೊಂದಿಕೊಂಡು ಬದಲಾಗುವ ಹಾಗೆ ಮನುಷ್ಯನ ತಿಳಿವಳಿಕೆಯೂ ಬೆಳೆಯುತ್ತಾ? ಇದಕ್ಕೆ ಚಿಪ್ಪಿನಲ್ಲಿ ಉತ್ತರ ಇರಲಿಲ್ಲ. ತಾಯಿಯ ಸ್ಥಿತಿ ನೋಡಿ ಬೆಳೆದವರಿಗೆ ಮನಸ್ಸಿನ ಕಾಯಿಲೆಗಳ ಬಗ್ಗೆಯೂ ಕುತೂಹಲ ಇತ್ತು.

ಹಾಗಾಗಿ ಜೂರಿಕ್‌ಗೆ ಹೋದರು. ಅಲ್ಲಿ ಮನಶ್ಶಾಸ್ತ್ರದ ಪ್ರಯೋಗಾಲಯಗಳಲ್ಲಿ, ಹೆಸರಾಂತ ಮನೋವೈದ್ಯ ಬ್ಲಾಯ್ಲರ್ ಅವರ ಆಸ್ಪತ್ರೆಯಲ್ಲಿ ಕಲಿತರು. ಫ್ರಾಯ್ಡ್ ಓದಿದರು. 1919ರಲ್ಲಿ ಗಡಿ ದಾಟಿ ಪ್ಯಾರಿಸ್ ಸೇರಿದರು. ಸೋರ್ಬಾನ್ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಮನಶ್ಶಾಸ್ತ್ರ, ತರ್ಕ ಎರಡನ್ನೂ ಓದಿದರು. ಸೇಂಟ್ ಆನ್ ಆಸ್ಪತ್ರೆಯಲ್ಲಿ ಮನೋರೋಗಿಗಳ ಜೊತೆ ಮಾತಾಡುವ ವಿಧಾನ ಕಲಿತರು. ಮಧ್ಯೆ ಬಾಯಿ ಹಾಕದೆ, ಉತ್ತರವನ್ನು ತಾವೇ ಹೇಳಿಕೊಡದೆ, ಎದುರಿಗಿರುವವರ ಯೋಚನೆ ಹೋದ ಕಡೆ ಹಿಂಬಾಲಿಸೋದು ಈ ವಿಧಾನ.

ಬದುಕು ತಿರುಗಿದ್ದು ಶಾಲೆಯೊಂದರಲ್ಲಿ

ಬುದ್ಧಿಶಕ್ತಿ ಅಳೆಯುವ ಪರೀಕ್ಷೆಯನ್ನು ಮೊದಲು ರೂಪಿಸಿದ ಆಲ್ಫ್ರೆಡ್ ಬಿನೆ 1911ರಲ್ಲೇ ತೀರಿಕೊಂಡಿದ್ದರು. ಪ್ಯಾರಿಸ್ಸಿನ ಒಂದು ಶಾಲೆಯಲ್ಲಿದ್ದ ಅವರ ಪ್ರಯೋಗಾಲಯ ಜೊತೆಗಾರ ಸಿಮೋನ್ ಉಸ್ತುವಾರಿಯಲ್ಲಿತ್ತು. ಸಿಮೋನ್ ಬೇರೆ ಊರಿನಲ್ಲಿದ್ದರು. ಇಂಗ್ಲೆಂಡಿನ ಸಿರಿಲ್ ಬರ್ಟ್ ತಯಾರಿಸಿದ್ದ ತರ್ಕದ ಪ್ರಶ್ನೆಗಳನ್ನು ಪ್ಯಾರಿಸ್ಸಿನ ಮಕ್ಕಳಿಗೆ ಹೊಂದಿಸುವ ಕೆಲಸವನ್ನು ಪಿಯಾಜೆಗೆ ವಹಿಸಿದರು.

ಕೆಲಸ ಸರಳ. ಮಗುವಿಗೆ ಪ್ರಶ್ನೆ ಕೇಳೋದು, ಸರಿಯೋ ತಪ್ಪೋ ಗುರುತು ಹಾಕೋದು, ಯಾವ ವಯಸ್ಸಿಗೆ ಎಷ್ಟು ಮಕ್ಕಳು ಸರಿ ಹೇಳ್ತಾರೆ ಅಂತ ಎಣಿಸೋದು. ಒಬ್ಬಳ ಕೂದಲು ಇನ್ನೊಬ್ಬಳಿಗಿಂತ ತಿಳಿ ಬಣ್ಣ, ಮೂರನೆಯವಳಿಗಿಂತ ಕಪ್ಪು, ಹಾಗಾದರೆ ಮೂವರಲ್ಲಿ ಯಾರದು ಹೆಚ್ಚು ಕಪ್ಪು ಅನ್ನೋ ಥರದ ಪ್ರಶ್ನೆಗಳು.

ಪಿಯಾಜೆಗೆ ಮನಸ್ಸಿಲ್ಲದೆ ಶುರುವಾದ ಕೆಲಸ ಇದು. ಕೆಲವೇ ದಿನಕ್ಕೆ ಎಣಿಸೋದು ಹಿಂದೆ ಬಿತ್ತು. ಒಂದೇ ವಯಸ್ಸಿನ ಮಕ್ಕಳು ಒಂದೇ ಥರ ತಪ್ಪು ಮಾಡ್ತಾರೆ. ಒಂದೆರಡು ವರ್ಷ ದೊಡ್ಡವರಾದರೆ ತಪ್ಪಿನ ಥರವೇ ಬದಲಾಗುತ್ತೆ. ಗೊತ್ತಿಲ್ಲದೆ ಬಾಯಿಗೆ ಬಂದದ್ದು ಹೇಳಿದ್ದರೆ ತಪ್ಪುಗಳು ಹೀಗೆ ಸಾಲಾಗಿ ಬರೋಕೆ ಸಾಧ್ಯವಿಲ್ಲ. ಚಿಪ್ಪುಗಳನ್ನು ಜಾತಿವಾರು ಜೋಡಿಸಿ ಪಳಗಿದ್ದ ಕಣ್ಣಿಗೆ ಇದು ಕೂಡಲೇ ಕಾಣಿಸಿತು.

ಅಲ್ಲಿಂದ ಮುಂದೆ ಉತ್ತರ ಬರೆದುಕೊಂಡು ಸುಮ್ಮನಾಗಲಿಲ್ಲ. ಯಾಕೆ ಹಾಗನ್ನಿಸಿತು ಅಂತ ಮಗುವನ್ನೇ ಕೇಳಿದರು. ಆಸ್ಪತ್ರೆಯಲ್ಲಿ ಕಲಿತ ಮಾತುಕತೆಯ ವಿಧಾನ ಶಾಲೆಯಲ್ಲಿ ಉಪಯೋಗಕ್ಕೆ ಬಂತು. ಚಿಕ್ಕ ಮಗುವಿನ ತಲೆ ದೊಡ್ಡವರ ತಲೆಯ ಅರ್ಧಂಬರ್ಧ ನಕಲಲ್ಲ, ಅದಕ್ಕೆ ಅದರದ್ದೇ ತರ್ಕ ಇದೆ ಎಂಬ ನಿಲುವಿಗೆ ಬಂದರು.

ಆ ಲೇಖನ ಓದಿದ ಎಡ್ವರ್ಡ್ ಕ್ಲಾಪಾರೆಡ್ 1921ರಲ್ಲಿ ಜಿನೀವಾದ ರೂಸೋ ಸಂಸ್ಥೆಗೆ ಕರೆಸಿಕೊಂಡರು. 1923ರಲ್ಲಿ ಮಕ್ಕಳ ಮಾತು ಮತ್ತು ಯೋಚನೆ ಬಗ್ಗೆ ಮೊದಲ ದೊಡ್ಡ ಪುಸ್ತಕ ಬಂತು. ಮೂವತ್ತರ ಆಸುಪಾಸಿಗೇ ಹೊರದೇಶಗಳಲ್ಲೂ ಹೆಸರಾದರು.

ಮನೆಯೇ ಪ್ರಯೋಗಾಲಯ

1923ರಲ್ಲೇ ಅದೇ ಸಂಸ್ಥೆಯ ವಿದ್ಯಾರ್ಥಿನಿ ವ್ಯಾಲಂಟೀನ್ ಶಾತೆನೇ ಅವರನ್ನು ಮದುವೆಯಾದರು. ಜಾಕ್ಲೀನ್, ಲೂಸಿಯೆನ್, ಲೋರಾನ್ ಮೂವರು ಮಕ್ಕಳು. ಗಂಡ ಹೆಂಡತಿ ಇಬ್ಬರೂ ಕೂತು ತಮ್ಮ ಕೂಸುಗಳ ಒಂದೊಂದು ಚಲನೆಯನ್ನೂ ಬರೆದಿಟ್ಟರು. ವ್ಯಾಲಂಟೀನ್ ಅವರ ಈ ದುಡಿಮೆ ಇಲ್ಲದಿದ್ದರೆ ಪಿಯಾಜೆಯ ಮುಖ್ಯ ಪುಸ್ತಕಗಳಲ್ಲಿ ಕೆಲವು ಹುಟ್ಟುತ್ತಲೇ ಇರಲಿಲ್ಲ.

ಆಟಿಕೆಯನ್ನು ಕೂಸಿನ ಕಣ್ಣೆದುರೇ ಬಟ್ಟೆಯಿಂದ ಮುಚ್ಚುತ್ತಿದ್ದರು. ಏಳೆಂಟು ತಿಂಗಳ ಒಳಗಿನ ಕೂಸು ಹುಡುಕೋದೇ ಇಲ್ಲ. ಕಣ್ಣಿಗೆ ಕಾಣದ್ದು ಅದರ ಪಾಲಿಗೆ ಇಲ್ಲ. ಸ್ವಲ್ಪ ದೊಡ್ಡದಾದರೆ ಬಟ್ಟೆ ಎಳೆದು ತೆಗೆಯುತ್ತೆ.

ದೊಡ್ಡ ಮಕ್ಕಳ ಮೇಲಿನ ಪ್ರಯೋಗವನ್ನು ಅಂಗಡಿ ಗಲ್ಲಾ ಮುಂದೆಯೇ ಮಾಡಿ ನೋಡಬಹುದು. ಆರು ನಾಣ್ಯದ ಒಂದು ಸಾಲು, ಅದರ ಎದುರಿಗೆ ಆರು ನಾಣ್ಯದ ಇನ್ನೊಂದು ಸಾಲು. ಎರಡೂ ಸಮ ಅಂತ ನಾಲ್ಕೈದು ವರ್ಷದ ಮಗು ಒಪ್ಪುತ್ತೆ. ಅದರ ಕಣ್ಣೆದುರೇ ಒಂದು ಸಾಲನ್ನು ಅಗಲಿಸಿದರೆ, ಉದ್ದ ಸಾಲಿನಲ್ಲೇ ಜಾಸ್ತಿ ಇದೆ ಅನ್ನುತ್ತೆ. ಕುಳ್ಳ ಲೋಟದ ನೀರನ್ನು ಸಪೂರ ಉದ್ದ ಲೋಟಕ್ಕೆ ಸುರಿದರೂ ಇದೇ ಕಥೆ. ಸುಮಾರು ಏಳು ವರ್ಷಕ್ಕೆ ಮಗು ನಗುತ್ತಾ, ಹಾಕಿಲ್ಲ, ತೆಗೆದಿಲ್ಲ, ಅಷ್ಟೇ ಇದೆ ಅಂತ ವಿವರಿಸುತ್ತೆ. ಅಲೀನಾ ಷೆಮಿನ್ಸ್ಕಾ, ಬಾರ್ಬೆಲ್ ಇನ್‌ಹೆಲ್ಡರ್ ಎಂಬ ಸಹೋದ್ಯೋಗಿಗಳು ಈ ಕೆಲಸದಲ್ಲಿ ಜೊತೆಯಾಗಿದ್ದರು.

ಪರೀಕ್ಷೆಗೆ ಬರೋ ನಾಲ್ಕು ಹಂತ ಹೀಗೆ ಹುಟ್ಟಿದವು. ಎರಡು ವರ್ಷದವರೆಗೆ ಮುಟ್ಟಿ, ಬಾಯಿಗಿಟ್ಟು ತಿಳಿಯುವ ಸಂವೇದನಾ ಗತಿ ಹಂತ. ಏಳರವರೆಗೆ ಕಂಡದ್ದನ್ನೇ ನಂಬುವ ಪೂರ್ವ ಕಾರ್ಯಾತ್ಮಕ ಹಂತ. ಸುಮಾರು ಹನ್ನೊಂದರವರೆಗೆ ಕೈಯಲ್ಲಿರುವ ವಸ್ತುವಿನ ಮೇಲೆ ಲೆಕ್ಕ ಹಾಕುವ ಮೂರ್ತ ಕಾರ್ಯಾತ್ಮಕ ಹಂತ. ಆಮೇಲೆ ಕಾಣದ್ದನ್ನೂ ಊಹಿಸಿ ತರ್ಕ ಮಾಡುವ ಔಪಚಾರಿಕ ಕಾರ್ಯಾತ್ಮಕ ಹಂತ.

ಬಸವನಹುಳುವನ್ನು ಮಾತ್ರ ಬಿಡಲೇ ಇಲ್ಲ. ಶಾಂತ ನೀರಿನಲ್ಲಿ ಉದ್ದ ಚಿಪ್ಪು ಬೆಳೆಸುವ ಒಂದು ಜಾತಿ, ದೊಡ್ಡ ಸರೋವರದ ಅಲೆ ಹೊಡೆಯುವ ದಡದಲ್ಲಿ ಕುಳ್ಳ ಚಿಪ್ಪು ಬೆಳೆಸುತ್ತೆ. ಇಂಥ ಸಾವಿರಾರು ಹುಳುಗಳನ್ನು ಅಳೆದು, ಕೆಲವನ್ನು ಕೊಳಕ್ಕೆ ಬಿಟ್ಟು ವರ್ಷಗಟ್ಟಲೆ ಗಮನಿಸಿದರು. ಜೀವಿ ಪರಿಸರದ ಏಟು ತಿಂದು ಸುಮ್ಮನಿರಲ್ಲ, ತಾನೂ ಬದಲಾಗಿ ಉತ್ತರ ಕೊಡುತ್ತೆ. ಮಗುವಿನ ಬುದ್ಧಿಯೂ ಹಾಗೇ ಅನ್ನೋದು ಅವರ ವಾದ.

ಗುರುವಿನ ತಪ್ಪು ಹಿಡಿದ ಕರಡಿ ಗೊಂಬೆ

1929ರಲ್ಲಿ ಜಿನೀವಾದ ಅಂತಾರಾಷ್ಟ್ರೀಯ ಶಿಕ್ಷಣ ಬ್ಯೂರೋದ ನಿರ್ದೇಶಕರಾದ ಪಿಯಾಜೆ ಮೂರೂವರೆ ದಶಕಕ್ಕೂ ಹೆಚ್ಚು ಆ ಹೊಣೆ ಹೊತ್ತರು. ವಿದ್ಯಾರ್ಥಿಯಾಗಿ ಓದಿದ್ದ ಸೋರ್ಬಾನ್‌ನಲ್ಲೇ 1952ರಿಂದ 1963ರವರೆಗೆ ಪ್ರಾಧ್ಯಾಪಕರಾಗಿ ಪಾಠ ಹೇಳಿದರು. ತಲೆಗೆ ಟೋಪಿ, ಬಾಯಲ್ಲಿ ಪೈಪು, ಓಡಾಟಕ್ಕೆ ಸೈಕಲ್ಲು. ಕಾಗದ, ಪುಸ್ತಕ ರಾಶಿ ಬಿದ್ದ ಕೋಣೆಯಲ್ಲಿ ಬರವಣಿಗೆ.

ಹಾಗಂತ ಅವರು ಹೇಳಿದ್ದೆಲ್ಲ ವೇದವಾಕ್ಯವಲ್ಲ. ಪಿಯಾಜೆ ಹುಟ್ಟಿದ ವರ್ಷವೇ ಹುಟ್ಟಿದ ರಷ್ಯಾದ ವೈಗೋಟ್‌ಸ್ಕಿ, ಕಲಿಕೆಯಲ್ಲಿ ಸುತ್ತಲಿನ ಜನರ, ಮಾತಿನ ಪಾತ್ರವನ್ನು ಪಿಯಾಜೆ ಕಡಿಮೆ ಮಾಡಿದರು ಅಂತ ಆಕ್ಷೇಪಿಸಿದರು. 1970ರ ದಶಕದಲ್ಲಿ ಸ್ಕಾಟ್ಲೆಂಡಿನ ಮ್ಯಾಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ಅದೇ ಸಾಲಿನ ಪ್ರಯೋಗವನ್ನು ಬದಲಾಯಿಸಿ ನೋಡಿದರು. ದೊಡ್ಡವರು ಸಾಲು ಅಗಲಿಸುವ ಬದಲು ತುಂಟ ಕರಡಿ ಗೊಂಬೆಯೊಂದು ಬಂದು ಸಾಲು ಕೆಡಿಸಿದ ಹಾಗೆ ಆಟ ಕಟ್ಟಿದರು. ಆಗ ಎರಡೂ ಸಮವೇ ಅಂತ ಸರಿಯಾಗಿ ಹೇಳಿದ ಚಿಕ್ಕ ಮಕ್ಕಳು ಎಷ್ಟೋ ಜಾಸ್ತಿ. ಮೇಷ್ಟ್ರು ಸಾಲು ಸರಿಸಿ ಅದೇ ಪ್ರಶ್ನೆ ಮತ್ತೆ ಕೇಳಿದರೆ, ಉತ್ತರ ಬದಲಾಯಿಸಬೇಕೇನೋ ಅಂತ ಮಗು ಅಂದುಕೊಳ್ಳುತ್ತೆ ಅನ್ನೋದು ಇವರ ವಿವರಣೆ.

ಅಂದರೆ ಮಗುವಿಗೆ ಪಿಯಾಜೆ ಅಂದುಕೊಂಡಿದ್ದಕ್ಕಿಂತ ಬೇಗ ತಿಳಿಯುತ್ತೆ. ವಯಸ್ಸಿನ ಗೆರೆಗಳು ಕಲ್ಲಿನ ಮೇಲೆ ಕೊರೆದವಲ್ಲ. ಏಳು ತುಂಬಿದರೂ ಇದು ಬರಲಿಲ್ಲ, ನಿನ್ನ ಮಗ ದಡ್ಡ ಅಂತ ಹಣೆಪಟ್ಟಿ ಕಟ್ಟೋಕೆ ಆ ನಾಲ್ಕು ಹಂತಗಳನ್ನು ಬಳಸಿದರೆ, ಪಿಯಾಜೆ ಮಾಡಿದ ಕೆಲಸಕ್ಕೇ ಅದು ಉಲ್ಟಾ. ಅವರನ್ನು ತಿದ್ದಿದವರು ಕೂಡ ತಪ್ಪು ಉತ್ತರ ಯಾಕೆ ಬಂತು ಅಂತ ಕೇಳಿಯೇ ತಿದ್ದಿದರು. ಆ ಪ್ರಶ್ನೆ ಕಲಿಸಿಕೊಟ್ಟವರು ಪಿಯಾಜೆಯೇ.

ಹೆಸರಿಲ್ಲದ ಸಮಾಧಿ

ಎಪ್ಪತ್ತರ ಅಂಚಿನಲ್ಲೂ ಸೀಡಮ್ ಎಂಬ ಗಿಡದ ಮೇಲೆ ಪ್ರಬಂಧ ಬರೆದು ಪ್ರಕಟಿಸಿದರು. 1980ರ ಸೆಪ್ಟೆಂಬರ್ 16ರಂದು, 84ನೇ ವಯಸ್ಸಿನಲ್ಲಿ, ಜಿನೀವಾದಲ್ಲಿ ಕಣ್ಮುಚ್ಚಿದರು. ಊರಿನ ಗಣ್ಯರನ್ನು ಹೂಳುವ ಸ್ಮಶಾನದಲ್ಲಿ, ಅವರ ಇಚ್ಛೆಯಂತೆ, ಹೆಸರು ಬರೆಯದ ಸಮಾಧಿಯಲ್ಲಿ ಮಣ್ಣು ಮಾಡಲಾಯಿತು.

ಹೆಸರು ಉಳಿದಿರೋದು ಶಿಕ್ಷಕರ ತರಬೇತಿ ಪುಸ್ತಕಗಳಲ್ಲಿ. ಅದನ್ನು ಓದಿ ಪಾಸಾದವರು ನಾಳೆ ಶಾಲೆಯಲ್ಲಿ ಕೆಂಪು ಪೆನ್ನು ಹಿಡಿಯುತ್ತಾರೆ. ತಪ್ಪು ಲೆಕ್ಕದ ಮೇಲೆ ಅಡ್ಡ ಗೆರೆ ಎಳೆಯುವ ಮೊದಲು, ಹೀಗೆ ಯಾಕೆ ಮಾಡಿದೆ ಪುಟ್ಟಾ ಅಂತ ಒಂದು ಸಲ ಕೇಳಿದರೆ, ಓದಿದ ಎರಡು ಅಂಕದ ಪಾಠ ಸಾರ್ಥಕ.