ಗುಲಾಬಿಯ ಬೀಜ ಬಿತ್ತಿದ ವಿಜ್ಞಾನಿ ಡಾ. ಬಿ. ಪಿ. ಪಾಲ್

ಕನ್ಯಾನದ ಕಡೆಯ ತೋಟದ ಮನೆಗಳ ಅಂಗಳದಲ್ಲಿ ಒಂದೆರಡು ಗುಲಾಬಿ ಗಿಡ ಇದ್ದೇ ಇರುತ್ತದೆ. ಹೆಚ್ಚಿನವು ನೆಂಟರ ಮನೆಯಿಂದ ಗೆಲ್ಲು ತಂದು ನೆಟ್ಟವು. ಹೂವನ್ನು ಕೊಯ್ಯದೆ ಗಿಡದಲ್ಲೇ ಬಿಟ್ಟರೆ, ಎಸಳು ಉದುರಿದ ಮೇಲೆ ಕೆಲವೊಮ್ಮೆ ಅದರ ಬುಡದಲ್ಲಿ ಒಂದು ಸಣ್ಣ ಕಾಯಿ ನಿಲ್ಲುತ್ತದೆ. ಇದರೊಳಗಿನ ಬೀಜ ಹುಟ್ಟುತ್ತದೆಯೇ ಎಂದು ಹಲವರು ನನ್ನನ್ನು ಕೇಳಿದ್ದಾರೆ. ಹುಟ್ಟುತ್ತದೆ. ಆದರೆ ಹುಟ್ಟಿದ ಗಿಡ ತಾಯಿಯಂತೆಯೇ ಹೂ ಬಿಡುವುದೆಂಬ ಭರವಸೆ ಇಲ್ಲ. ಈ ಭರವಸೆ ಇಲ್ಲದ ಬೀಜಗಳನ್ನೇ ಬಿತ್ತಿ, ಕಾದು, ಆರಿಸಿ, ನಮ್ಮ ದೇಶಕ್ಕೆ ಹೊಸ ಗುಲಾಬಿಗಳನ್ನು ಕೊಟ್ಟವರು ಡಾ. ಬೆಂಜಮಿನ್ ಪಿಯರಿ ಪಾಲ್.

ಪಾಲ್ ಅವರು ಹುಟ್ಟಿದ್ದು 1906ರ ಮೇ 26ರಂದು, ಪಂಜಾಬಿನ ಮುಕುಂದಪುರದಲ್ಲಿ. ತಂದೆ ವೈದ್ಯರು, ಕೆಲಸ ಬರ್ಮಾದಲ್ಲಿ. ಹಾಗಾಗಿ ಬಾಲ್ಯವೆಲ್ಲ ಅಲ್ಲಿಯೇ ಕಳೆಯಿತು. ಮೇಮ್ಯೋ ಎಂಬ ತಂಪು ಗುಡ್ಡದೂರಿನ ಶಾಲೆಯಲ್ಲಿ ಓದುವಾಗಲೇ ಅವರಿಗೆ ಗುಲಾಬಿಯ ಮತ್ತು ಚಿತ್ರ ಬರೆಯುವ ಹುಚ್ಚು ಹಿಡಿಯಿತು. ಎರಡೂ ಕೊನೆಯವರೆಗೆ ಬಿಡಲಿಲ್ಲ. ರಂಗೂನಿನಲ್ಲಿ ಸಸ್ಯಶಾಸ್ತ್ರ ಕಲಿತು ಕೇಂಬ್ರಿಜ್‌ಗೆ ಹೋದರು. ಗೋಧಿಯ ತುಕ್ಕು ರೋಗವನ್ನು ತಡೆಯುವ ಗುಣ ತಂದೆ ತಾಯಿಯಿಂದ ಮಕ್ಕಳಿಗೆ ಮೆಂಡೆಲನ ನಿಯಮದಂತೆ ಇಳಿದು ಬರುತ್ತದೆಂದು ತೋರಿಸಿದ ಬಿಫೆನ್ ಅಲ್ಲಿದ್ದರು. ಗೋಧಿಯ ಸಂಕರಣದ ಮೇಲೆ ಪ್ರಬಂಧ ಬರೆದು, ಡಾಕ್ಟರೇಟ್ ಪಡೆದ ಪಾಲ್ 1933ರಲ್ಲಿ ಬಿಹಾರದ ಪೂಸಾದಲ್ಲಿದ್ದ ಕೃಷಿ ಸಂಶೋಧನಾ ಸಂಸ್ಥೆಯನ್ನು ಸೇರಿದರು.

ಸೇರಿ ವರ್ಷ ತುಂಬುವುದರೊಳಗೆ, 1934ರ ಜನವರಿಯಲ್ಲಿ, ಬಿಹಾರದ ಭೂಕಂಪ ಆ ಸಂಸ್ಥೆಯ ಕಟ್ಟಡವನ್ನು ಕೆಡವಿತು. 1936ರಲ್ಲಿ ಸಂಸ್ಥೆ ದೆಹಲಿಗೆ ಬಂತು. ಹೆಸರು ಮಾತ್ರ ಪೂಸಾ ಎಂದೇ ಉಳಿಯಿತು. ಊರು ಬದಲಾದರೂ ಅವರ ಕೆಲಸ ಬದಲಾಗಲಿಲ್ಲ. ಗೋಧಿಗೆ ಕಂದು, ಹಳದಿ, ಕಪ್ಪು ಎಂದು ಮೂರು ಬಗೆಯ ತುಕ್ಕು ರೋಗ. ಒಂದನ್ನು ತಡೆಯುವ ತಳಿ ಇನ್ನೊಂದಕ್ಕೆ ಬಲಿಯಾಗುತ್ತಿತ್ತು. ಮೂರನ್ನೂ ತಡೆಯುವ ತಳಿಗಾಗಿ ಅವರು ಸುಮಾರು 20 ವರ್ಷ ದುಡಿದರು. ಗೋಧಿಯ ಒಂದು ಹೂವಿನಲ್ಲಿ ಇರುವುದು ಮೂರೇ ಕೇಸರ. ಅವು ಒಡೆಯುವ ಮೊದಲೇ ಚಿಮಟದಿಂದ ಕಿತ್ತು, ಬೇರೆ ತಳಿಯ ಪರಾಗ ತಾಗಿಸಿ, ಕಟ್ಟಿದ ಕಾಳನ್ನು ಬಿತ್ತಿ, ರೋಗ ಹಿಡಿದದ್ದನ್ನು ಕಿತ್ತೆಸೆಯಬೇಕು. ಮರುವರ್ಷ ಮತ್ತೆ ಅದೇ. 1954ರಲ್ಲಿ ಎನ್.ಪಿ. 809 ಎಂಬ ತಳಿ ಹೊರಬಂತು. 1937ರಲ್ಲೇ ಅವರು, ಹಳ್ಳಿಗಳಲ್ಲೂ ಕಾಡುಗಳಲ್ಲೂ ಇರುವ ಹಳೆಯ ತಳಿಗಳ ಬೀಜ ಸಂಗ್ರಹಿಸಿ ಕಾಪಾಡಬೇಕೆಂದು ಲೇಖನ ಬರೆದಿದ್ದರು. ಆಗ ಅದರ ಬೆಲೆ ತಿಳಿದವರು ಕಡಿಮೆ.

ಹಗಲೆಲ್ಲ ಗೋಧಿ. ಬಿಡುವಿನಲ್ಲಿ ಗುಲಾಬಿ. ಕೆಲಸದ ಕ್ರಮ ಒಂದೇ, ಗುಲಾಬಿಯಲ್ಲಿ ಕೇಸರಗಳು ಬಹಳ ಹೆಚ್ಚು, ಅಷ್ಟೆ. ಅರಳುವ ಮೊದಲೇ ಮೊಗ್ಗಿನ ಎಸಳು ತೆಗೆದು, ಕೇಸರಗಳನ್ನೆಲ್ಲ ಕತ್ತರಿಸಿ, ಕಾಗದದ ಚೀಲ ಕಟ್ಟಬೇಕು. ಮರುದಿನ ತಂದೆಯಾಗಿ ಆರಿಸಿದ ಗಿಡದ ಪರಾಗವನ್ನು ಬೆರಳಿನಿಂದ ತಾಗಿಸಿ ಮತ್ತೆ ಚೀಲ ಕಟ್ಟಿ, ಚೀಟಿ ಬರೆದು ತೂಗುಹಾಕಬೇಕು. ಇಷ್ಟೆಲ್ಲ ಮಾಡದೆ, ಜೇನ್ನೊಣವೋ ಗಾಳಿಯೋ ಕಟ್ಟಿಸಿದ ಕಾಯಿಯಿಂದಲೂ ಒಳ್ಳೆಯ ಗಿಡ ಸಿಗುವುದುಂಟು. ಹಾರದ ಹೂವಿಗಾಗಿ ನಮ್ಮ ದೇಶದಲ್ಲಿ ಬೆಳೆಸುವ ಗ್ರೂಸ್ ಆನ್ ಟೆಪ್ಲಿಟ್ಸ್ ಎಂಬ ಹಳೆಯ ಕೆಂಪು ಗುಲಾಬಿಯ ಬೀಜದ ಸಸಿಯಿಂದಲೇ ಪಾಲ್ ಅವರ ರೋಸ್ ಶರಬತ್ ಬಂದದ್ದು, 1962ರಲ್ಲಿ. ಅದರ ಪರಿಮಳ ಹೆಸರಿಗೆ ತಕ್ಕಂಥದು. ಡೆಲ್ಲಿ ಪ್ರಿನ್ಸೆಸ್, ಡಾ. ಹೋಮಿ ಭಾಭಾ, ಬಂಜಾರನ್ ಮುಂತಾದವು ಅದರ ಹಿಂದೆ ಬಂದವು. ಅವರು ಗುಲಾಬಿ ಸಂಘವನ್ನು ಕಟ್ಟಿದರು, ಭಾರತದ ಗುಲಾಬಿಗಳ ಬಗ್ಗೆ ದೊಡ್ಡ ಪುಸ್ತಕ ಬರೆದರು. ಮದುವೆ ಆಗಲಿಲ್ಲ.

ನಮ್ಮ ಅಂಗಳದಲ್ಲಿ ಇದನ್ನು ಮಾಡುವವರಿಗೆ ಒಂದು ಮಾತು. ಹೂವು ಕಾಯಿಯಾಗಿ ಹಣ್ಣಾಗಲು ಮೂರು ನಾಲ್ಕು ತಿಂಗಳು ಬೇಕು. ಮಳೆಗಾಲದಲ್ಲಿ ಕಾಯಿ ಕೊಳೆಯುತ್ತದೆ. ನಾನು ಹಾಗೆ ಕಳೆದುಕೊಂಡಿದ್ದೇನೆ. ದೀಪಾವಳಿ ಕಳೆದ ಮೇಲಿನ ಹೂವನ್ನೇ ನಂಬಬೇಕು. ಹಸಿರಾಗಿರುವಾಗ ಕೊಯ್ಯದೆ, ಕಿತ್ತಳೆ ಬಣ್ಣಕ್ಕೆ ತಿರುಗಿದ ಮೇಲೆ ಕೊಯ್ದು, ಸೀಳಿ ಬೀಜ ತೆಗೆಯಿರಿ. ಒಳಗಿನ ರೋಮ ಕೈಗೆ ತಾಗಿದರೆ ತುರಿಸುತ್ತದೆ. ತಿರುಳು ಉಳಿಯದಂತೆ ತೊಳೆಯುವಾಗ ನೀರಿನಲ್ಲಿ ತೇಲುವವು ಹೆಚ್ಚಾಗಿ ಜೊಳ್ಳು. ನೆರಳಲ್ಲಿ ಒಣಗಿಸಿ ಚೀಟಿ ಹಾಕಿ ತಂಪಿನಲ್ಲಿಡಿ. ಗುಲಾಬಿ ಚಳಿದೇಶದ ಗಿಡ. ಚಳಿ ಕಾಣದೆ ಬೀಜ ಕಣ್ಣು ಬಿಡಲು ಹಟ ಮಾಡುತ್ತದೆ. ಮಳೆ ಮುಗಿಯುತ್ತ ಬಂದಾಗ ಬೀಜವನ್ನು ಒದ್ದೆ ಮರಳಿನಲ್ಲಿ ಬೆರೆಸಿ ಆರರಿಂದ ಎಂಟು ವಾರ ಫ್ರಿಜ್ಜಿನಲ್ಲಿಟ್ಟು (ಐಸು ಕಟ್ಟುವ ಜಾಗದಲ್ಲಲ್ಲ), ಬಳಿಕ ಮರಳು ಸೇರಿಸಿದ ಸುಡುಮಣ್ಣಿನಲ್ಲಿ ಅರ್ಧ ಅಂಗುಲ ಆಳಕ್ಕೆ ಬಿತ್ತಬಹುದು. ಎಲ್ಲವೂ ಹುಟ್ಟುವುದಿಲ್ಲ, ಹುಟ್ಟಿದವೂ ಒಟ್ಟಿಗೆ ಹುಟ್ಟುವುದಿಲ್ಲ. ವರ್ಷವಿಡೀ ಹೂ ಬಿಡುವ ಜಾತಿಯ ಸಸಿ ಕೆಲವೇ ತಿಂಗಳಲ್ಲಿ ಮೊದಲ ಹೂ ತೋರಿಸುತ್ತದೆ. ಆ ಹೂ ಬಡಕಲಾಗಿದ್ದರೆ ಕೂಡಲೇ ಕೀಳಬೇಡಿ, ಎರಡನೆಯ ವರ್ಷದ ಹೂವನ್ನು ನೋಡಿ. ಮೆಚ್ಚಿದ ಗಿಡ ಸಿಕ್ಕಿದರೆ ಮುಂದೆ ಕಸಿಯಿಂದಲೋ ಗೆಲ್ಲಿನಿಂದಲೋ ಹೆಚ್ಚಿಸಬೇಕು. ಅದರ ಬೀಜ ಮತ್ತೆ ಬೇರೆಯೇ ಆದೀತು.

ಪಾಲ್ ಅವರ ಬಾಳಿನಲ್ಲಿ ನನಗೆ ದೊಡ್ಡದಾಗಿ ಕಾಣುವುದು 1963ರ ಸುಮಾರಿನ ಸಂಗತಿ. 1950ರಿಂದ ಅವರು ಪೂಸಾ ಸಂಸ್ಥೆಯ ನಿರ್ದೇಶಕರು, ಆ ಹುದ್ದೆಗೆ ಬಂದ ಮೊದಲ ಭಾರತೀಯರಲ್ಲಿ ಒಬ್ಬರು. ಅವರ ಗೋಧಿ ತುಕ್ಕನ್ನು ತಡೆಯುತ್ತಿತ್ತು, ಆದರೆ ಎತ್ತರದ ಗಿಡ. ಗೊಬ್ಬರ ಜಾಸ್ತಿಯಾದರೆ ತೆನೆಯ ಭಾರಕ್ಕೆ ಅಡ್ಡ ಬೀಳುತ್ತಿತ್ತು. ಮೆಕ್ಸಿಕೋದಲ್ಲಿ ನಾರ್ಮನ್ ಬೋರ್ಲಾಗ್ ಗಿಡ್ಡ ಗೋಧಿ ಬೆಳೆಸಿದ್ದರು. ಅವರನ್ನು ಕರೆಸಬೇಕೆಂದು ಅದೇ ಸಂಸ್ಥೆಯ ಎಂ. ಎಸ್. ಸ್ವಾಮಿನಾಥನ್ ಸೂಚಿಸಿದಾಗ ಪಾಲ್ ತಡೆಯಲಿಲ್ಲ. ಆ ಬೀಜ ಬಂದರೆ ತಮ್ಮ 20 ವರ್ಷದ ದುಡಿಮೆ ಬದಿಗೆ ಸರಿಯುವುದೆಂದು ತಳಿ ಬೆಳೆಸುವವರಿಗೆ ಗೊತ್ತಾಗದೆ ಇರುವುದೇ? ಬೋರ್ಲಾಗ್ 1963ರಲ್ಲಿ ಬಂದರು. 1966ರಲ್ಲಿ 18,000 ಟನ್ ಮೆಕ್ಸಿಕನ್ ಬಿತ್ತನೆ ಬೀಜ ಭಾರತಕ್ಕೆ ಬರುವ ಹೊತ್ತಿಗೆ ಪಾಲ್ ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ಮೊದಲ ಮಹಾನಿರ್ದೇಶಕರಾಗಿದ್ದರು. ಬೇಡದ ಸಸಿಯನ್ನು ಕೀಳುವ ಕೈ ತನ್ನ ಸಸಿಗೂ ರಿಯಾಯಿತಿ ತೋರಿಸಲಿಲ್ಲ.

1965ರಿಂದ 1972ರವರೆಗಿನ ಆ ಹುದ್ದೆಯ ಕಾಲದಲ್ಲಿ ಬೇರೆ ಬೇರೆ ಬೆಳೆಗಳ ಸಮಿತಿಗಳ ಕೈಯಲ್ಲಿದ್ದ ಕೇಂದ್ರಗಳು ಪರಿಷತ್ತಿನ ಅಡಿಗೆ ಬಂದವು. ನಮ್ಮ ಪಕ್ಕದ ವಿಟ್ಲದಲ್ಲಿ 1956ರಲ್ಲಿ ಆರಂಭವಾದ ಅಡಿಕೆ ಕೇಂದ್ರವೂ ಅವುಗಳಲ್ಲೊಂದು. 1970ರಲ್ಲಿ ಅದು ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಅಂಗವಾಯಿತು. ಚೀನಾದಿಂದ ತರಿಸಿದ ಅಡಿಕೆಯಿಂದ ಆರಿಸಿದ ಮಂಗಳಾ ತಳಿ ಅಲ್ಲಿಂದಲೇ ಬಂದದ್ದು. ಬೆಂಗಳೂರಿನ ಬಳಿ ಹೆಸರಘಟ್ಟದ ತೋಟಗಾರಿಕೆ ಸಂಸ್ಥೆ 1967ರಲ್ಲಿ ಹುಟ್ಟಿತು. ಅಲ್ಲಿಯೂ ಮುಂದೆ ಹೊಸ ಗುಲಾಬಿ ತಳಿಗಳು ಬೆಳೆದವು.

1972ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವರನ್ನು ಸದಸ್ಯರನ್ನಾಗಿ ಆರಿಸಿತು. 1987ರಲ್ಲಿ ಪದ್ಮವಿಭೂಷಣ ಬಂತು. ನಿವೃತ್ತಿಯ ನಂತರವೂ ಗುಲಾಬಿ ಬಿಡಲಿಲ್ಲ. 1989ರ ಸೆಪ್ಟೆಂಬರ್ 14ರಂದು, 83ರ ವಯಸ್ಸಿನಲ್ಲಿ ತೀರಿಕೊಂಡಾಗ ಅವರ ಆಸ್ತಿ ತಾವು ದುಡಿದ ಪೂಸಾ ಸಂಸ್ಥೆಗೆ ಸೇರಿತು. ರೋಸ್ ಶರಬತ್ ಗಿಡ ಅವರು ಹೋದ ಮೇಲೂ ಕಸಿಯಿಂದ ಕಸಿಗೆ ದಾಟುತ್ತ ಬಂದಿದೆ.