ಗರುಡಗಂಬದ ಮುಂದೆ ವೀರಬಲ್ಲಾಳ

ಹಳೇಬೀಡಿಗೆ ಹೋದವರು ಹೊಯ್ಸಳೇಶ್ವರನ ಗುಡಿಯ ಶಿಲ್ಪವೈಭವಕ್ಕೆ ಮನಸೋತು, ಅಲ್ಲಿಯೇ ನಿಂತಿರುವ ಗರುಡಗಂಬವನ್ನು ಗಮನಿಸದೆ ಮರಳುವುದುಂಟು. ಮೊದಲ ಸಲ ನಾನೂ ಹಾಗೆಯೇ ಮರಳಿದವನು. ಎರಡನೆಯ ಸಲ ಅದರ ಮುಂದೆ ನಿಂತಾಗ, ಇಮ್ಮಡಿ ವೀರಬಲ್ಲಾಳನ ಬಾಳು ಹೊಸದೊಂದು ಬೆಳಕಿನಲ್ಲಿ ನನಗೆ ಕಂಡಿತು.

ಬಲ್ಲಾಳನು ವಿಷ್ಣುವರ್ಧನನ ಮೊಮ್ಮಗ. ಬೇಲೂರಿನಲ್ಲಿ 1117ರಲ್ಲಿ ಚೆನ್ನಕೇಶವನನ್ನು ನೆಲೆಗೊಳಿಸಿದ ಆ ಅಜ್ಜನು ಚೋಳರಿಂದ ತಲಕಾಡನ್ನು ಗೆದ್ದನಾದರೂ ಕಲ್ಯಾಣದ ಚಾಲುಕ್ಯರ ಅಂಕೆಯಿಂದ ಪೂರ್ಣವಾಗಿ ಬಿಡಿಸಿಕೊಳ್ಳಲಾರದೆ ಹೋದನು. ತಂದೆ ನರಸಿಂಹನ ಕಾಲಕ್ಕೆ ಆ ಕಲ್ಯಾಣವೇ ಅಲುಗಾಡಿತು. ಚಾಲುಕ್ಯರ ಸಾಮಂತನೂ ದಂಡನಾಯಕನೂ ಆಗಿದ್ದ ಕಳಚುರಿ ಬಿಜ್ಜಳನು 1162ರ ಸುಮಾರಿಗೆ ಒಡೆಯನ ಸಿಂಹಾಸನವನ್ನೇ ತನ್ನದಾಗಿಸಿಕೊಂಡನು. ಅಂಥ ದಿನಗಳಲ್ಲಿ ಬೆಳೆದ ಬಲ್ಲಾಳನು ಮಲೆನಾಡಿನ ಸಾಮಂತರ ಬೆಂಬಲವನ್ನು ಗಳಿಸಿ, ಹೆತ್ತ ತಂದೆಗೇ ಇದಿರಾಗಿ ಎದ್ದನು. 1173ರಲ್ಲಿ ದೋರಸಮುದ್ರದಲ್ಲಿ ಅವನಿಗೆ ಪಟ್ಟವಾಯಿತು.

ಹಾಗೆ ಬಂದ ಪಟ್ಟವನ್ನು ಅವನು ಹಗುರವಾಗಿ ಎಣಿಸಲಿಲ್ಲ. ಪಾಂಡ್ಯರ ಉಚ್ಚಂಗಿದುರ್ಗವನ್ನು ಹಿಡಿದನು. ಚಾಲುಕ್ಯ ಸೋಮೇಶ್ವರನನ್ನು ಮತ್ತೆ ಗದ್ದುಗೆಗೆ ತಂದಿದ್ದ ಬ್ರಹ್ಮ ದಂಡನಾಯಕನನ್ನು ಸೋಲಿಸಿದನು. ಸೊರಟೂರಿನ ಕಾಳಗದಲ್ಲಿ ಸೇವುಣರ ಭಿಲ್ಲಮನನ್ನು ಹಿಮ್ಮೆಟ್ಟಿಸಿದನು. 1192ರ ಹೊತ್ತಿಗೆ ಹೊಯ್ಸಳ ರಾಜ್ಯವು ಯಾರಿಗೂ ಅಧೀನವಾಗಿರಲಿಲ್ಲ. ಜನ್ನನಂಥ ಕವಿಗೆ ಅವನ ಆಸ್ಥಾನದಲ್ಲಿ ಮನ್ನಣೆ ದೊರೆಯಿತು. ಹಳೇಬೀಡಿನ ಕೇದಾರೇಶ್ವರ, ಅರಸೀಕೆರೆಯ ಈಶ್ವರ ದೇವಾಲಯಗಳು ಅವನ ಕಾಲದಲ್ಲಿ ಎದ್ದವು.

ಸ್ವಾತಂತ್ರ್ಯವನ್ನು ತಂದವನಿಗೆ ದಂಡಿನ ನಿಷ್ಠೆ ಎಲ್ಲಿಯವರೆಗೆ? ಇದು ಎಂಟು ಶತಮಾನಗಳ ಹಿಂದಿನ ಪ್ರಶ್ನೆ ಮಾತ್ರವಲ್ಲ. ಪಶ್ಚಿಮ ಆಫ್ರಿಕದ ಘಾನಾ 1957ರಲ್ಲಿ ಸ್ವತಂತ್ರವಾಯಿತು. ಅದರ ನಾಯಕ ಎನ್‌ಕ್ರುಮಾ 1966ರಲ್ಲಿ ಪರದೇಶದಲ್ಲಿದ್ದಾಗ ಸ್ವಂತ ಸೈನ್ಯವೂ ಪೊಲೀಸರೂ ಕೂಡಿ ಅವರನ್ನು ಪದಚ್ಯುತಗೊಳಿಸಿದರು. ಬಿಜ್ಜಳನನ್ನು ಬಲ್ಲ ನಮಗೆ ಇದು ತೀರ ಅಪರಿಚಿತವಾದ ಕಥೆಯಲ್ಲ.

ಬಲ್ಲಾಳನ ಪಾಲಿಗೆ ಮಾತ್ರ ಬೇರೆಯದೇ ಒದಗಿತು. 1220ರಲ್ಲಿ ಅವನ ಆಳ್ವಿಕೆ ಮುಗಿಯಿತು. ಅವನು ಮಗನಂತೆ ಸಾಕಿ ಬೆಳೆಸಿದ್ದ ದಂಡನಾಯಕ ಕುವರಲಕ್ಷ್ಮನು ಗರುಡವ್ರತವನ್ನು ತೊಟ್ಟವನು. ಒಡೆಯನು ಗತಿಸಿದಾಗ ಮಡದಿಯೊಡನೆಯೂ ಒಡನಾಡಿಗಳಾದ ವೀರರೊಡನೆಯೂ ಪ್ರಾಣವನ್ನೊಪ್ಪಿಸಿದನು. ಕಂಬದ ಮೇಲೆ ವೀರರು ತಮ್ಮ ತಲೆಯನ್ನು ತಾವೇ ಅರಿದುಕೊಳ್ಳುತ್ತಿದ್ದಾರೆ.

ಹೆತ್ತ ಮಗನು ತಂದೆಗೆ ತಿರುಗಿಬಿದ್ದನು. ಸಾಕಿದ ಮಗನು ತಂದೆಗಾಗಿ ಸತ್ತನು. ಆ ನಿಷ್ಠೆಗೆ ನನ್ನ ತಲೆ ಬಾಗಿತು. ಆದರೂ ಮನಸ್ಸು ಒಪ್ಪಲಿಲ್ಲ. ಒಡೆಯನೊಡನೆ ಸಾಯುವ ದಂಡನಾಯಕನೂ ಒಡೆಯನನ್ನು ಕೆಡಹುವ ದಂಡನಾಯಕನೂ ಒಬ್ಬ ವ್ಯಕ್ತಿಯನ್ನೇ ರಾಜ್ಯವೆಂದು ಬಗೆದವರಲ್ಲವೆ? ರಾಜ್ಯಕ್ಕೆ ಬೇಕಾದುದು ವ್ಯಕ್ತಿಯು ಅಳಿದ ಬಳಿಕವೂ ಉಳಿಯುವ ನಿಷ್ಠೆ.

ಆ ಕಂಬದ ಶಾಸನವು ನಡುವೆಯೇ ನಿಂತುಹೋಗಿದೆ. ಮುಂದಿನ ಸಾಲನ್ನು ಹುಡುಕುತ್ತ ನಾನು ಬಹಳ ಹೊತ್ತು ಅಲ್ಲಿಯೇ ನಿಂತಿದ್ದೆನು.