ದಿವಂಗತ ಶ್ರೀ ಪಿ. ಶ್ರೀನಿವಾಸ್, ಭಾ.ಅ.ಸೇ. – ಅರಣ್ಯ ಮತ್ತು ವನ್ಯಜೀವಿ ರಕ್ಷಣೆಯಲ್ಲಿ ಹುತಾತ್ಮರಾದ ಅಧಿಕಾರಿ

ರಾಜ್ಯದ ಅರಣ್ಯ ಸಂಪತ್ತನ್ನು ಕಳ್ಳಬೇಟೆ ಹಾಗೂ ಅಕ್ರಮ ಸಾಗಣೆಯಿಂದ ರಕ್ಷಿಸುವ ಕಾರ್ಯದಲ್ಲಿ ಪ್ರಾಣಾರ್ಪಣೆ ಮಾಡಿದವರಲ್ಲಿ ದಿವಂಗತ ಶ್ರೀ ಪಿ. ಶ್ರೀನಿವಾಸ್ ಅವರ ಹೆಸರು ಚಿರಸ್ಮರಣೀಯವಾದುದು. ಅವರ ಜೀವನದ ಸಂಕ್ಷಿಪ್ತ ಪರಿಚಯವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಜನನ ಮತ್ತು ಸೇವೆ

ಶ್ರೀಯುತರು ಆಂಧ್ರಪ್ರದೇಶದ ರಾಜಮಹೇಂದ್ರಿಯಲ್ಲಿ 1954ನೇ ಇಸವಿಯ ಸೆಪ್ಟೆಂಬರ್ 12ರಂದು ಜನಿಸಿದರು. 1979ರಲ್ಲಿ ಭಾರತೀಯ ಅರಣ್ಯ ಸೇವೆಗೆ ಆಯ್ಕೆಯಾಗಿ ಕರ್ನಾಟಕ ವೃಂದಕ್ಕೆ ಸೇರಿದರು. ಚಾಮರಾಜನಗರ ಭಾಗದಲ್ಲಿ ಉಪ ಅರಣ್ಯ ಸಂರಕ್ಷಣಾಧಿಕಾರಿಗಳಾಗಿ ಕಾರ್ಯನಿರ್ವಹಿಸಿದರು.

ಅಂದಿನ ಪರಿಸ್ಥಿತಿ

ಮಲೆ ಮಹದೇಶ್ವರ ಬೆಟ್ಟದ ಸುತ್ತಲಿನ ಕಾಡುಗಳಲ್ಲಿ ಆ ಕಾಲದಲ್ಲಿ ವೀರಪ್ಪನ್ ತಂಡವು ದಂತಕ್ಕಾಗಿ ಆನೆಗಳನ್ನು ಕೊಲ್ಲುತ್ತಿತ್ತು. ಶ್ರೀಗಂಧದ ಮರಗಳನ್ನು ಕಡಿದು ಸಾಗಿಸುತ್ತಿತ್ತು. ಏಷ್ಯಾದ ಆನೆಗಳಲ್ಲಿ ಗಂಡಿಗೆ ಮಾತ್ರ ಉದ್ದನೆಯ ದಂತವಿರುವುದರಿಂದ ಬೇಟೆಗೆ ಬಲಿಯಾದುವು ಗಂಡಾನೆಗಳೇ. ಇದರಿಂದ ಹಿಂಡುಗಳಲ್ಲಿ ಗಂಡು-ಹೆಣ್ಣಿನ ಪ್ರಮಾಣವೇ ಏರುಪೇರಾಯಿತು. 1986ರಲ್ಲಿ ಶ್ರೀನಿವಾಸ್ ಅವರು ವೀರಪ್ಪನ್‌ನನ್ನು ಬಂಧಿಸಿದ್ದರು. ಆದರೆ ಆತನು ಬಂಧನದಿಂದ ತಪ್ಪಿಸಿಕೊಂಡನು.

ಗೋಪಿನಾಥಂ ಗ್ರಾಮದಲ್ಲಿ

ಅಂದು ಮೈಸೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕಿಗೆ ಸೇರಿದ್ದ, ಈಗ ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿನಲ್ಲಿರುವ ಗೋಪಿನಾಥಂ ವೀರಪ್ಪನ್‌ನ ಹುಟ್ಟೂರು. ವಿಶೇಷ ಕಾರ್ಯಪಡೆಯ ಕಾರ್ಯಾಚರಣೆಯ ಅವಧಿಯಲ್ಲಿ ಶ್ರೀನಿವಾಸ್ ಅವರು ಅದೇ ಗ್ರಾಮದಲ್ಲಿ ನೆಲೆ ನಿಂತರು. ಬಡತನವೂ ಭಯವೂ ಇರುವಲ್ಲಿ ಕೇವಲ ಬಂದೂಕಿನಿಂದ ಕಾಡು ಉಳಿಯದೆಂಬುದು ಅವರ ನಿಲುವಾಗಿತ್ತು. ಗ್ರಾಮಸ್ಥರಿಗೆ ಔಷಧೋಪಚಾರ, ಕುಡಿಯುವ ನೀರು, ವಸತಿ ಮುಂತಾದ ಸೌಕರ್ಯಗಳನ್ನು ಒದಗಿಸಲು ಶ್ರಮಿಸಿದರು. ಮಾರಿಯಮ್ಮ ದೇವಾಲಯವನ್ನು ಕಟ್ಟಿಸಿದರು. ತಂಡದೊಡನೆ ಸೇರಿದ್ದ ಹಲವರ ಮನವೊಲಿಸಿ ಶರಣಾಗುವಂತೆ ಮಾಡಿದರು.

ಬಲಿದಾನ

ಜನರ ಮೇಲೆ ಅವರಿಟ್ಟ ಈ ವಿಶ್ವಾಸವನ್ನೇ ವಂಚಕರು ಬಳಸಿಕೊಂಡರು. ವೀರಪ್ಪನ್ ಶರಣಾಗುವನೆಂದು ಆತನ ತಮ್ಮ ಅರ್ಜುನನ್ ನಂಬಿಸಿದನು. ಆ ಮಾತನ್ನು ನಂಬಿ 1991ರ ನವೆಂಬರ್ 10ರಂದು ಆಯುಧವಿಲ್ಲದೆ ಕಾಡಿನೊಳಗೆ ನಡೆದುಹೋದ ಶ್ರೀನಿವಾಸ್ ಅವರನ್ನು ಅಮಾನುಷವಾಗಿ ಕೊಲ್ಲಲಾಯಿತು. ಆಗ ಅವರ ವಯಸ್ಸು 37. ಭಾರತ ಸರ್ಕಾರವು 1992ರಲ್ಲಿ ಅವರಿಗೆ ಮರಣೋತ್ತರವಾಗಿ ಕೀರ್ತಿ ಚಕ್ರವನ್ನು ನೀಡಿ ಗೌರವಿಸಿತು. ಗೋಪಿನಾಥಂ ಜನರು ಅವರ ಭಾವಚಿತ್ರವನ್ನು ದೇವಾಲಯದಲ್ಲಿರಿಸಿ ಪೂಜ್ಯಭಾವದಿಂದ ನೆನೆಯುತ್ತಾರೆ.

ವೀರಪ್ಪನ್ 2004ರ ಅಕ್ಟೋಬರ್ 18ರಂದು ತಮಿಳುನಾಡು ಕಾರ್ಯಪಡೆಯ ಗುಂಡಿಗೆ ಬಲಿಯಾದನು. ಮಲೆ ಮಹದೇಶ್ವರ ಬೆಟ್ಟದ ಕಾಡುಗಳನ್ನು 2013ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. 2023ರ ಗಣತಿಯಂತೆ ರಾಜ್ಯದಲ್ಲಿ 6,395 ಆನೆಗಳಿರುವುದಾಗಿ ಅಂದಾಜಿಸಲಾಗಿದೆ. ಕರ್ತವ್ಯದಲ್ಲಿ ಮಡಿದ ಅರಣ್ಯ ಸಿಬ್ಬಂದಿಯ ಸ್ಮರಣಾರ್ಥ ಪ್ರತಿ ವರ್ಷ ಸೆಪ್ಟೆಂಬರ್ 11ರಂದು ಅರಣ್ಯ ಹುತಾತ್ಮರ ದಿನವನ್ನು ಆಚರಿಸಲಾಗುತ್ತದೆ.

ಸಾರ್ವಜನಿಕರ ಗಮನಕ್ಕೆ

ಕಳ್ಳಬೇಟೆಯು ದೂರದ ಗಡಿಕಾಡುಗಳಿಗೆ ಮಾತ್ರ ಸೀಮಿತವಾದುದಲ್ಲ. ತುಮಕೂರು ಜಿಲ್ಲೆಯ ದೇವರಾಯನದುರ್ಗದ ಕಾಡಿನಲ್ಲಿ ಚಿರತೆಗಳೂ, ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳೂ ಇವೆ. ಸತ್ಯಮಂಗಲ, ಗುಬ್ಬಿ, ಕುಣಿಗಲ್ ಭಾಗದ ನಾಗರಿಕರೂ ಈ ಕೆಳಗಿನ ಅಂಶಗಳನ್ನು ಗಮನಿಸತಕ್ಕದ್ದು:

1. ವನ್ಯಜೀವಿ (ಸಂರಕ್ಷಣಾ) ಕಾಯ್ದೆ, 1972ರ ಅನುಸೂಚಿ-1ರಲ್ಲಿರುವ ಪ್ರಾಣಿಗಳ ಬೇಟೆಗೆ 3ರಿಂದ 7 ವರ್ಷಗಳವರೆಗೆ ಕಾರಾಗೃಹ ವಾಸ ಹಾಗೂ ಕನಿಷ್ಠ ರೂ. 25,000 ದಂಡವಿದೆ. ಆನೆ, ಚಿರತೆ, ಕೃಷ್ಣಮೃಗಗಳು ಈ ಅನುಸೂಚಿಯಲ್ಲಿವೆ.

2. ದಂತ, ಚರ್ಮ, ಉಗುರು, ಕೊಂಬು ಮುಂತಾದುವುಗಳ ಮಾರಾಟವಷ್ಟೇ ಅಲ್ಲ, ಖರೀದಿಯೂ ಅಪರಾಧವಾಗಿರುತ್ತದೆ.

3. 2001ರ ತಿದ್ದುಪಡಿಯಂತೆ ಖಾಸಗಿ ಜಮೀನಿನಲ್ಲಿರುವ ಶ್ರೀಗಂಧದ ಮರವು ಭೂಮಾಲೀಕರದ್ದೇ ಆಗಿರುತ್ತದೆ. ಆದರೂ ಅದನ್ನು ಕಡಿಯುವ ಮೊದಲು ಅರಣ್ಯ ಇಲಾಖೆಗೆ ಅರ್ಜಿ ಸಲ್ಲಿಸಿ ಅನುಮತಿ ಪಡೆಯುವುದು ಅವಶ್ಯಕ.

4. ಕಳ್ಳಬೇಟೆ, ಉರುಳು, ಅಕ್ರಮ ಸಾಗಣೆ ಕಂಡುಬಂದಲ್ಲಿ ಹತ್ತಿರದ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಅಥವಾ ಅರಣ್ಯ ಸಹಾಯವಾಣಿ 1926ಕ್ಕೆ ತಿಳಿಸುವುದು.

ಜನರ ಸಹಕಾರವಿಲ್ಲದೆ ಅರಣ್ಯ ರಕ್ಷಣೆ ಸಾಧ್ಯವಿಲ್ಲವೆಂದು ಶ್ರೀನಿವಾಸ್ ಅವರು ತಮ್ಮ ಬದುಕಿನಿಂದಲೇ ತೋರಿಸಿಕೊಟ್ಟರು. ಆ ಸಹಕಾರವನ್ನು ನೀಡಬೇಕೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.